ತಾಬಾನ್ ಮರದ ಹಾಲು, ಪೆರ್ಚಾ ಮರದ ಹೆಸರು

ರೂಟ್ ಕೆನಾಲ್ ಮಾಡಿಸಿಕೊಂಡವರ ಹಲ್ಲಿನೊಳಗೆ ಒಂದು ಮಲಯ ಪದ ಅಡಗಿ ಕೂತಿರುತ್ತದೆ. ಖಾಲಿಯಾದ ನಾಳಕ್ಕೆ ದಂತವೈದ್ಯರು ತುಂಬುವ ಗುಲಾಬಿ ಬಣ್ಣದ ಸಣ್ಣ ಕಡ್ಡಿಗೆ ಗಟ್ಟಾ ಪರ್ಚಾ ಎನ್ನುತ್ತಾರೆ. ಮೂಲದಲ್ಲಿ ಅದು ‘ಗೆತಾಹ್ ಪೆರ್ಚಾ’. ಗೆತಾಹ್ ಅಂದರೆ ಮರದ ಹಾಲು, ಅಂಟು. ಲ್ಯಾಟಿನ್ ಕಲಿತ ಇಂಗ್ಲಿಷರು ಹನಿ ಎಂಬರ್ಥದ ತಮ್ಮ ‘ಗುಟ್ಟಾ’ ಪದದ ಅಚ್ಚಿಗೆ ಅದನ್ನು ಒಗ್ಗಿಸಿಕೊಂಡರು.

ಈ ಅಂಟಿನ ಮೇಲೆ ವಿಲಿಯಂ ಮಾಂಟ್‌ಗೊಮರಿಯ ಕಣ್ಣು ಬಿದ್ದದ್ದು ಸಿಂಗಪುರದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ಅವನು 1842ರಲ್ಲಿ ಮರ ಕಡಿಯುವ ಮಲಯನೊಬ್ಬನ ಮಚ್ಚಿನ ಹಿಡಿಯನ್ನು ನೋಡಿದ. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಬೇಕಾದ ಆಕಾರ ತಳೆಯುತ್ತಿತ್ತು, ಆರಿದರೆ ಮರದಷ್ಟೇ ಗಟ್ಟಿ. ಮಾದರಿಗಳು ಲಂಡನ್ನಿಗೆ ಹೋದವು. ಮಾಂಟ್‌ಗೊಮರಿಗೆ ಚಿನ್ನದ ಪದಕ ಬಂತು. ಗುಣ ತಿಳಿದು ಹಿಡಿ ಮಾಡಿಕೊಂಡಿದ್ದವನು ಮಾತ್ರ ಈ ಕಥೆಯಲ್ಲಿ ‘ಒಬ್ಬ ಮಲಯ’ ಆಗಿಯೇ ಉಳಿದ.

ಹೆಸರಾದರೂ ಸರಿಯಿತ್ತೇ ಎಂದರೆ ಅದೂ ಇಲ್ಲ. ಸಿಂಗಪುರದ ಇನ್ನೊಬ್ಬ ವೈದ್ಯ ಥಾಮಸ್ ಆಕ್ಸ್‌ಲಿ 1847ರಲ್ಲೇ ಪತ್ರಿಕೆಯೊಂದರಲ್ಲಿ ಆಕ್ಷೇಪ ಎತ್ತಿದ: ಪೆರ್ಚಾ ಬೇರೆಯೇ ಮರ, ಪೇಟೆಗೆ ಬರುತ್ತಿರುವ ಅಂಟು ತಾಬಾನ್ ಮರದ್ದು, ಆದ್ದರಿಂದ ‘ಗೆತಾಹ್ ತಾಬಾನ್’ ಎನ್ನುವುದೇ ಸರಿ. ನನಗೆ ಇಡೀ ಚರಿತ್ರೆಯಲ್ಲಿ ತುಂಬ ಹಿಡಿಸಿದ ಮನುಷ್ಯ ಈತ. ಕಾಡಿನವರ ಮಾತಿಗೆ ಕಿವಿಗೊಟ್ಟು, ಅವರು ಯಾವ ಮರವನ್ನು ಏನೆಂದು ಕರೆಯುತ್ತಾರೆಂದು ವಿಚಾರಿಸಿದ್ದ. ಅಷ್ಟು ಹೊತ್ತಿಗೆ ಲಂಡನ್ನಿನಲ್ಲಿ ಗಟ್ಟಾ ಪರ್ಚಾ ಕಂಪನಿ ಹುಟ್ಟಿ ಎರಡು ವರ್ಷವಾಗಿತ್ತು. ಬೋರ್ಡಿಗೇರಿದ ತಪ್ಪು ಹೆಸರು ಇಳಿಯಲಿಲ್ಲ.

ಮುಂದಿನದು ತಂತಿಯ ಕಾಲ. ಉಪ್ಪುನೀರಿಗೆ ಜಗ್ಗದ ಈ ಅಂಟನ್ನು ತಾಮ್ರದ ತಂತಿಗೆ ಹೊದಿಸಿ 1851ರಲ್ಲಿ ಇಂಗ್ಲಿಷ್ ಕಾಲುವೆ, 1866ರಲ್ಲಿ ಅಟ್ಲಾಂಟಿಕ್ ದಾಟಿಸಿದರು. 1870ರಲ್ಲಿ ತಂತಿ ಮುಂಬಯಿಯನ್ನೂ ಮುಟ್ಟಿತು. ಬೆಲೆ ತೆತ್ತದ್ದು ತಾಬಾನ್. ಗೀರಿದರೆ ಅದರ ಹಾಲು ಧಾರಾಳವಾಗಿ ಹರಿಯುವುದಿಲ್ಲ. ಹಾಗಾಗಿ ಮರವನ್ನೇ ಉರುಳಿಸಿ, ತೊಗಟೆಗೆ ಸುತ್ತಲೂ ಕಚ್ಚು ಹಾಕಿ, ಒಸರಿದಷ್ಟನ್ನು ಬಳಿದುಕೊಳ್ಳುತ್ತಿದ್ದರು. ಒಂದೊಂದು ದೊಡ್ಡ ಮರಕ್ಕೆ ಸಿಗುತ್ತಿದ್ದದ್ದು ಅಲ್ಪ. ಸಿಂಗಪುರದಲ್ಲಿ ಮುಗಿಸಿ ಮಲಯ, ಸುಮಾತ್ರ, ಬೋರ್ನಿಯೊ ಕಾಡುಗಳಿಗೆ ನುಗ್ಗಿದರು. ಇದನ್ನು ಪ್ರಗತಿಯ ಕಥೆಯೆಂದಷ್ಟೇ ಓದಿಸಿದ ಪುಸ್ತಕಗಳ ಮೇಲೆ ನನಗೆ ಸಿಟ್ಟಿದೆ.

ಸಸ್ಯಶಾಸ್ತ್ರ ಈ ಮರಕ್ಕೆ ಕೊಟ್ಟ ಹೆಸರು ಪಲಾಕ್ವಿಯಂ ಗುಟ್ಟಾ. ಅಲ್ಲಿಯೂ ತಾಬಾನ್ ಇಲ್ಲ. ಇನ್ನು ಮಲಯ ಭಾಷೆಯಲ್ಲಿ, ಬ್ರೆಜಿಲ್‌ನಿಂದ ತಂದು ನೆಟ್ಟ ರಬ್ಬರಿಗೂ ಇಂದು ಗೆತಾಹ್ ಎಂದೇ ಹೆಸರು.