ಕಂಡವರು ಮತ್ತು ಹೇಳಿದವರು: ಕಥನದೃಷ್ಟಿಯನ್ನು ಕುರಿತು ಒಂದು ವಿವೇಚನೆ

ಕಾದಂಬರಿಯು ಚರಿತ್ರೆಗೆ ಆಧಾರವಾಗಬಲ್ಲುದೇ ಎಂಬ ಪ್ರಶ್ನೆಯು ಇತಿಹಾಸದ ತರಗತಿಗಳಲ್ಲಿ ಪದೇ ಪದೇ ಏಳುತ್ತದೆ. ಇದಕ್ಕೆ ಉತ್ತರ ಕೊಡುವುದಕ್ಕೆ ಮುಂಚೆ ಕಥೆಯಲ್ಲಿ ಹೇಳುವವರು ಯಾರು, ಕಾಣುವವರು ಯಾರು ಎಂಬ ಎರಡು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ಫ್ರಾನ್ಸಿನ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಈ ಭೇದವನ್ನು ಶಾಸ್ತ್ರೀಯವಾಗಿ ನಿರೂಪಿಸಿದನು. ಕಥೆಗಾರರು ಅದನ್ನು ಬಹು ಹಿಂದಿನಿಂದಲೂ ಬಳಸುತ್ತ ಬಂದಿದ್ದರು.

ಶಿವರಾಮ ಕಾರಂತರ ಎರಡು ಕೃತಿಗಳನ್ನು ಹೋಲಿಸಿದರೆ ವಿಷಯವು ವಿಶದವಾಗುತ್ತದೆ. 'ಚೋಮನ ದುಡಿ'ಯಲ್ಲಿ (1933) ಹೇಳುವವನು ಕಥೆಯ ಹೊರಗಿರುವ ನಿರೂಪಕನು. ಆದರೂ ಬೇಸಾಯಗಾರನಾಗಬೇಕೆಂಬ ಚೋಮನ ಹಂಬಲವನ್ನು ನಾವು ಬಹುಮಟ್ಟಿಗೆ ಚೋಮನ ಪಕ್ಕದಲ್ಲಿ ನಿಂತೇ ಕಾಣುತ್ತೇವೆ. 'ಮೂಕಜ್ಜಿಯ ಕನಸುಗಳು' (1968) ಎಂಬುದರಲ್ಲಿ ಹೇಳುವವನು ಮೊಮ್ಮಗನಾದ ಸುಬ್ಬರಾಯನು. ಹಳೆಯ ವಸ್ತುವೊಂದನ್ನು ಮುಟ್ಟಿ ಗತಕಾಲವನ್ನು ಕಾಣುವವಳು ಅಜ್ಜಿ. ಅಜ್ಜಿಯ ಕಾಣ್ಕೆಯು ಸುಬ್ಬರಾಯನ ಮಾತಿನಲ್ಲಿ ಸೋಸಿಕೊಂಡು ನಮಗೆ ತಲುಪುತ್ತದೆ. ಆದುದರಿಂದ ಅಲ್ಲಿನ ಮಾತೊಂದನ್ನು ಎತ್ತಿಕೊಂಡು "ಕಾರಂತರು ಹೀಗೆನ್ನುತ್ತಾರೆ" ಎಂದು ಬರೆಯುವುದು ಎರಡು ಮೆಟ್ಟಿಲುಗಳನ್ನು ಒಮ್ಮೆಗೇ ಹಾರಿದಂತೆ.

ನಮ್ಮ ಪ್ರಾಂತಕ್ಕೆ ಇನ್ನೂ ಹತ್ತಿರವಾದ ನಿದರ್ಶನವೊಂದುಂಟು. ನಿಜಾಮರ ಸೇವೆಯಲ್ಲಿದ್ದು, ಮುಂದೆ ಸುರಪುರ ಸಂಸ್ಥಾನದ ಆಡಳಿತವನ್ನು ನಡೆಸಿದ ಮೆಡೋಸ್ ಟೇಲರನು 1839ರಲ್ಲಿ 'ಕನ್ಫೆಷನ್ಸ್ ಆಫ್ ಎ ಥಗ್' ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದರಲ್ಲಿ ಸೆರೆಸಿಕ್ಕ ಅಮೀರ್ ಅಲಿ ಎಂಬ ಠಕ್ಕನು 'ನಾನು' ಎಂದು ತನ್ನ ಕೃತ್ಯಗಳನ್ನು ಹೇಳುತ್ತಾನೆ. ಕೇಳುತ್ತ ಕುಳಿತವನು ಒಬ್ಬ ಆಂಗ್ಲ ಅಧಿಕಾರಿ. ಠಕ್ಕನ ಬಾಯಿಂದಲೇ ಬಂದಂತೆ ತೋರುವ ಈ ಕಥೆ ರೂಪುಗೊಂಡುದು ಒಬ್ಬ ಅಧಿಕಾರಿಯ ಲೇಖನಿಯಲ್ಲಿ ಎಂಬುದನ್ನು ಮರೆಯಲಾಗದು. ಠಕ್ಕರ ಮನೋಧರ್ಮಕ್ಕೆ ಅದು ಎಷ್ಟು ಸಾಕ್ಷಿಯೋ, ಆಳುವವರು ಠಕ್ಕರನ್ನು ಕಂಡ ಬಗೆಗೂ ಅಷ್ಟೇ ಸಾಕ್ಷಿ.

ಈ ವಿವೇಕವು ಸಾಹಿತ್ಯದ ವಿದ್ಯಾರ್ಥಿಗಳಿಗೆ ಮಾತ್ರ ಬೇಕಾದುದಲ್ಲ. ಕಲಬುರಗಿಯ ಕಾಲೇಜುಗಳಿಗೆ ಕಮಲಾಪುರ ಮೊದಲಾದ ಊರುಗಳಿಂದ ಬರುವ ವಿದ್ಯಾರ್ಥಿಗಳು ರಜಾಕಾರರ ಹಾವಳಿ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯನ್ನು ಕುರಿತು ಹಿರಿಯರ ಮಾತುಗಳನ್ನು ಬರೆದು ತರುವುದುಂಟು. ಅಂದು ಬಾಲಕರಾಗಿದ್ದವರು ಇಂದು ಎಂಬತ್ತನ್ನು ದಾಟಿದವರು. ಅವರು ಹೇಳುವುದರಲ್ಲಿ ತಾವು ಕಂಡುದು ಕೊಂಚ, ತಂದೆತಾಯಿಗಳಿಂದ ಕೇಳಿದುದು ಹೆಚ್ಚು.

ನಮ್ಮ ನುಡಿಯಲ್ಲಿ ಈ ಭೇದವನ್ನು ಕಾಪಾಡುವ ಪ್ರತ್ಯಯವೇ ಇದೆ. "ಊರ ಮಂದಿ ರಾತ್ರೋರಾತ್ರಿ ಹೊಲಕ್ಕ ಹೋದ್ರಂತ" ಎಂಬ ವಾಕ್ಯವನ್ನು ಊಹಿಸಿಕೊಳ್ಳೋಣ. ಗ್ರಂಥಭಾಷೆಯ 'ಅಂತೆ', ನಮ್ಮ ಭಾಗದ ಆಡುಮಾತಿನ 'ಅಂತ', ಹೇಳುವವನು ತಾನು ಕಂಡವನಲ್ಲವೆಂಬುದನ್ನು ಸೂಚಿಸುತ್ತದೆ. ವಿದ್ಯಾರ್ಥಿಯು ಇದನ್ನು ಶಿಷ್ಟಭಾಷೆಗೆ ತಿರುಗಿಸುವಾಗ "ಊರಿನ ಜನರು ಹೊಲಗಳಿಗೆ ತೆರಳಿದರು" ಎಂದು ಬರೆಯುತ್ತಾನೆ. ಭಾಷೆ ಶುದ್ಧವಾಯಿತು, ಕೇಳಿದ ಮಾತು ಕಣ್ಣಾರೆ ಕಂಡ ಸಾಕ್ಷ್ಯವಾಗಿಬಿಟ್ಟಿತು. ಈ ತಪ್ಪನ್ನು ನಾನೂ ಎಂ.ಎ. ವ್ಯಾಸಂಗದ ಕಾಲದಲ್ಲಿ ಮಾಡಿದ್ದೆನು. ಟಿಪ್ಪಣಿಪುಸ್ತಕದಲ್ಲಿ ಉಳಿದಿದ್ದ 'ಅಂತ'ಗಳು ನನ್ನ ಪ್ರಬಂಧದಲ್ಲಿ ಒಂದೂ ಉಳಿದಿರಲಿಲ್ಲ. ಅಂದು ಮಾತನಾಡಿದ ಹಿರಿಯರಲ್ಲಿ ಕೆಲವರು ಈಗಿಲ್ಲವಾದುದರಿಂದ, ಯಾವುದು ಕಂಡುದು, ಯಾವುದು ಕೇಳಿದುದು ಎಂದು ಪುನಃ ವಿಚಾರಿಸುವ ದಾರಿಯೂ ಮುಚ್ಚಿಹೋಯಿತು.

ಕಲಬುರಗಿ ಸಮೀಪದ ಸಾವಳಗಿಯವರಾದ ಗೀತಾ ನಾಗಭೂಷಣರು, ಕೇಂದ್ರ ಸಾಹಿತ್ಯ ಅಕಾಡೆಮಿಯ 2004ರ ಪ್ರಶಸ್ತಿಗೆ ಪಾತ್ರವಾದ 'ಬದುಕು' ಕಾದಂಬರಿಯಲ್ಲಿ ಇಲ್ಲಿನ ಆಡುಮಾತನ್ನು ಉಳಿಸಿಕೊಂಡುದರ ಬೆಲೆಯನ್ನು ಈ ಹಿನ್ನೆಲೆಯಲ್ಲಿಯೂ ಗ್ರಹಿಸಬಹುದು. ಆಡುಮಾತಿನೊಡನೆ ಆಡುವವರ ನಿಲುವೂ ಉಳಿಯುತ್ತದೆ.

ಆದುದರಿಂದ ಕಾದಂಬರಿಯಾಗಲಿ, ಮೌಖಿಕ ಹೇಳಿಕೆಯಾಗಲಿ, ಓದುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು: ಕಂಡವರು ಯಾರು? ಹೇಳಿದವರು ಯಾರು? ಬರೆದುಕೊಂಡವರು ಯಾರು? ಮೂವರೂ ಒಬ್ಬರೇ ಆಗಿರುವುದು ವಿರಳ. ಅವರ ನಡುವಿನ ಅಂತರವನ್ನು ಅಳೆಯದೆ ಕಾದಂಬರಿಯನ್ನು ಆಧಾರವೆಂದು ಸ್ವೀಕರಿಸುವುದೂ, ಕಟ್ಟುಕಥೆಯೆಂದು ತಳ್ಳಿಹಾಕುವುದೂ ಸಮಾನವಾದ ದುಡುಕು.