ಸರ್ಫಿಂಗ್: ಕಣ್ಣು ಕಾಲಿನ ಮೇಲಲ್ಲ, ದಡದ ಮೇಲಿರಲಿ

ಮೂಲ್ಕಿ, ಸಸಿಹಿತ್ಲು ಕಡೆ ಮೊದಲ ಸಲ ಸರ್ಫಿಂಗ್‌ಗೆ ಇಳಿದವರು ಎದ್ದು ನಿಂತ ಕೂಡಲೇ ಬೀಳೋದು ಯಾಕೆ? ಹೆಚ್ಚಿನವರು ತಮ್ಮ ಕಾಲನ್ನೇ ನೋಡ್ತಾರೆ. ತಲೆ ಬಗ್ಗಿದರೆ ಮೈಭಾರ ಮುಂದಕ್ಕೆ ವಾಲುತ್ತೆ, ಬೋರ್ಡಿನ ಮೂತಿ ನೀರೊಳಗೆ ಹೋಗುತ್ತೆ. ಹಾಗಾಗಿ ದೃಷ್ಟಿ ದಡದ ಕಡೆ ಇರಲಿ. ಮೊಣಕಾಲು ಮಡಚಿ, ಮೈ ತಗ್ಗಿಸಿ, ಪಾದಗಳನ್ನು ಬೋರ್ಡಿನ ನಡುಭಾಗದಲ್ಲಿ ಅಡ್ಡಲಾಗಿ ಇಡಿ. ಕಲಿಯೋಕೆ 8–9 ಅಡಿಯ ಫೋಮ್ ಬೋರ್ಡ್ ಒಳ್ಳೇದು, ಅಲುಗಾಟ ಕಡಿಮೆ. ಮಲಗಿದಲ್ಲಿಂದ ಒಮ್ಮೆಲೇ ಎದ್ದು ನಿಲ್ಲೋ ‘ಪಾಪ್‌ಅಪ್’ ಅನ್ನು ಮೊದಲು ಮರಳಲ್ಲೇ ಹತ್ತಿಪ್ಪತ್ತು ಸಲ ಮಾಡಿ.

ಬೀಳೋದಂತೂ ಖಚಿತ. ಆಳವಿಲ್ಲದ ನೀರಿಗೆ ತಲೆ ಮುಂದಾಗಿ ಬಿದ್ದರೆ ಕುತ್ತಿಗೆಗೇ ಅಪಾಯ. ಪಕ್ಕಕ್ಕೋ ಹಿಂದಕ್ಕೋ ಬೀಳಿ. ಮೇಲೆ ಬರುವಾಗ ಕೈಯಿಂದ ತಲೆ ಮುಚ್ಚಿಕೊಳ್ಳಿ, ಬೋರ್ಡ್ ಬಡಿಯಬಹುದು. ಮಳೆಗಾಲದ ಕಡಲಿಗೆ ಮಾತ್ರ ಹೊಸಬರು ಇಳಿಯಲೇಬೇಡಿ.