ತಾರಸಿ ಮೇಲೆ ಏಳು ಸೆಂಟಿಮೀಟರ್ ತಂತಿ, ಆಕಾಶದ ತುಂಬ ಹರಟೆ

ಟಿ.ವಿ. ನೋಡಲೆಂದು ತಯಾರಾದ ಪುಟ್ಟ ಯುಎಸ್‌ಬಿ ಡಾಂಗಲ್. ಅದಕ್ಕೊಂದು ಏಳು ಸೆಂ.ಮೀ. ತಂತಿ. ಬೆಂಗಳೂರಿನ ಗೋವಿಂದರಾಜನಗರದ ಯಾವುದಾದರೂ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಇಷ್ಟನ್ನು ನಿಲ್ಲಿಸಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ, ಹಾಸನದ ಮೇಲೆ ಹತ್ತು ಕಿ.ಮೀ. ಎತ್ತರದಲ್ಲಿ ಹೋಗುವ ವಿಮಾನವೂ ತಾನೆಲ್ಲಿದ್ದೇನೆಂದು ಹೇಳಿಬಿಡುತ್ತದೆ! ಪಕ್ಕದ ಕಟ್ಟಡ ಅಡ್ಡ ಬರಬಾರದು, ಅಷ್ಟೇ.

ಪರದೆಯಲ್ಲಿ ಓಡುವ ಸಾಲುಗಳನ್ನು ನೋಡಬೇಕು. ಒಂದೊಂದರಲ್ಲೂ 28 ಅಂಕಿ-ಅಕ್ಷರ. ಶುರುವಾಗುವುದು 8ಡಿ ಎಂದು. ಅದರ ಬೆನ್ನಿಗೇ 80 ಬಂತೋ, ನಮ್ಮ ದೇಶದಲ್ಲಿ ನೋಂದಣಿಯಾದ ವಿಮಾನ. ಮುಂದೆ ಎತ್ತರ, ಅಕ್ಷಾಂಶ, ರೇಖಾಂಶ. ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಬರೀ 120 ಪಾಲಿನಷ್ಟು ಹೊತ್ತಿನಲ್ಲಿ ಇಡೀ ಸಾಲು ಹೊರಬಿದ್ದಿರುತ್ತದೆ. ಇದನ್ನು ಬಿಡಿಸಿ ತೋರಿಸುವ ಡಂಪ್1090 ತಂತ್ರಾಂಶವನ್ನು 2012ರಲ್ಲಿ ಬರೆದು ಪುಕ್ಕಟೆ ಹಂಚಿದವರು ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ.

ಆದರೆ ನಿಜವಾದ ಬೆರಗು ಬೇರೆಯೇ ಇದೆ. ಇಷ್ಟೂ ವಿಮಾನಗಳು ಕೂಗುವುದು ಒಂದೇ ಕಂಪನಾಂಕದಲ್ಲಿ, 1090 ಮೆಗಾಹರ್ಟ್ಸ್. ಮಾಗಡಿ ರಸ್ತೆ ಟೋಲ್‌ಗೇಟಿನಲ್ಲಿ ಸಿಗ್ನಲ್ಲೂ ಇಲ್ಲ, ಪೊಲೀಸರೂ ಇಲ್ಲ ಎಂದುಕೊಳ್ಳಿ, ಹಾಗೆ. ಸರದಿ ಹೇಳುವವರೇ ಇಲ್ಲ! ಅದಕ್ಕೆ ಎಂಜಿನಿಯರುಗಳು ಹೂಡಿದ ಉಪಾಯವೆಂದರೆ ಜೂಜು. ವಿಮಾನ ತನ್ನ ಸ್ಥಾನವನ್ನು ಸರಿಯಾಗಿ ಅರ್ಧ ಸೆಕೆಂಡಿಗೊಮ್ಮೆ ಹೇಳುವುದಿಲ್ಲ, 0.4ರಿಂದ 0.6 ಸೆಕೆಂಡಿನ ನಡುವೆ ಯಾವುದೋ ಒಂದು ಗಳಿಗೆಯನ್ನು ಪ್ರತಿ ಸಲವೂ ಚೀಟಿ ಎತ್ತಿದಂತೆ ಆರಿಸಿಕೊಳ್ಳುತ್ತದೆ. ಒಮ್ಮೆ ಡಿಕ್ಕಿಯಾದ ಇಬ್ಬರು ಮತ್ತೆ ಮತ್ತೆ ಡಿಕ್ಕಿಯಾಗದಿರಲಿ ಎಂದು.

ಜೂಜಾದ್ದರಿಂದಲೇ ಭವಿಷ್ಯ ಹೇಳಲು ಬರುತ್ತದೆ! ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ 1970ರ ಸುಮಾರಿಗೆ ಅಲೋಹಾ ಜಾಲಕ್ಕೆಂದು ಮಾಡಿದ ಲೆಕ್ಕ ಇಲ್ಲಿಗೂ ಹೊಂದುತ್ತದೆ. ನಿಮ್ಮ ತಂತಿಗೆ ಕೇಳಿಸುವಷ್ಟು ದೂರದಲ್ಲಿ 100 ವಿಮಾನ, ಸ್ಥಾನವೂ ಉಳಿದದ್ದೂ ಸೇರಿ ಒಂದೊಂದೂ ಸೆಕೆಂಡಿಗೆ ಆರು ಸಲ ಕೂಗುತ್ತದೆ ಎನ್ನಿ. ಆಗ ನೂರು ಸಂದೇಶಗಳಲ್ಲಿ ಹದಿಮೂರು ಇನ್ನೊಂದರ ಮೇಲೆ ಬೀಳುತ್ತವೆ. ವಿಮಾನ 400 ಆಗಲಿ, ನಲವತ್ನಾಲ್ಕು! ಹತ್ತಿರದ ವಿಮಾನದ ಗಟ್ಟಿ ದನಿ ಗದ್ದಲದಲ್ಲೂ ಉಳಿದುಕೊಳ್ಳಬಹುದು, ದೂರದ್ದು ಕರಗುತ್ತದೆ. ಇದರ ಮೇಲೆ ರಡಾರುಗಳ ಪ್ರಶ್ನೆಗೆ ವಿಮಾನಗಳು ಕೊಡುವ ಉತ್ತರ, ಡಿಕ್ಕಿ ತಪ್ಪಿಸುವ ಯಂತ್ರಗಳ ನಡುವಿನ ಉತ್ತರ, ಎಲ್ಲವೂ ಇದೇ ಕಂಪನಾಂಕಕ್ಕೇ. ಕಾಗದದ ಮೇಲೆ ಮುಗಿಯದ ಈ ಲೆಕ್ಕಕ್ಕೇ ಮುನ್ಸೂಚನಾ ತಂತ್ರಾಂಶ ಬೇಕಾಗುವುದು. ನಾಳೆಯ ಹಾರಾಟಗಳನ್ನು ಅದಕ್ಕೆ ಉಣಿಸಿ, ಕಂಪ್ಯೂಟರಿನೊಳಗೆ ಸಾವಿರಾರು ಸಲ ಚೀಟಿ ಎತ್ತಿಸಿ, ಯಾವ ಮೂಲೆಯಲ್ಲಿ ಮಾತು ಕೆಡುತ್ತದೆಂದು ಮೊದಲೇ ನೋಡುತ್ತಾರೆ.

ಪೈಲಟ್-ಕಂಟ್ರೋಲರ್ ಮಾತಿಗೂ ಮುನ್ನೋಟವಿದೆ. ಅದರ ಬೇರು ಇನ್ನೂ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ.ಕೆ. ಅರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರ, ಎಕ್ಸ್‌ಚೇಂಜಿಗೆ ಎಷ್ಟು ಲೈನ್ ಬೇಕೆಂದು ಹೇಳುವಂಥದ್ದು. ಪೈಲಟ್ ಮಾತಾಡುವ ಚಾನೆಲ್ಲೂ ಅಂಥ ಒಂದು ಲೈನೇ. ವಿಮಾನವೊಂದಕ್ಕೆ ಗಂಟೆಗೆ ಒಂದು ನಿಮಿಷ ಮಾತೆಂದರೂ 30 ವಿಮಾನಕ್ಕೆ ಚಾನೆಲ್ಲಿನ ಅರ್ಧ ಗಂಟೆ ಹೋಯಿತು.

ಬೆಂಗಳೂರಿಗೆ ಈ ದಟ್ಟಣೆ ದೂರದ ಮಾತಲ್ಲ. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ, ಎರಡನೇ ರನ್‌ವೇ 2019ರ ಡಿಸೆಂಬರಿನಲ್ಲಿ. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳ ಆರ್ಡರ್ ಪ್ರಕಟಿಸಿದವು. ಮುನ್ಸೂಚನೆ ಎಷ್ಟು ನಿಜವೆಂದು ತಾರಸಿಯಿಂದಲೇ ಅಳೆಯಬಹುದು. ದಟ್ಟಣೆಯ ಬೆಳಿಗ್ಗೆ ದೂರದ ವಿಮಾನಗಳಿಂದ ತಲೆಗೆಷ್ಟು ಸಾಲು ಸಿಕ್ಕಿತು, ನಡುರಾತ್ರಿ ಎಷ್ಟು, ಎಣಿಸಿದರಾಯಿತು. ಕಳೆದುಹೋದ ಸಾಲುಗಳ ಲೆಕ್ಕ ಅಲ್ಲೇ ಸಿಗುತ್ತದೆ.